ಹಿಮ ನೋಡಲು ಬಂದವರ ಕಾಸಿನಲ್ಲಿ ನಡೆಯುವ ಸ್ಕೀ ಊರು: ಗುಲ್ಮಾರ್ಗ್

2024ರ ಜನವರಿ ನಡುವಿನಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನ ಇಳಿಜಾರುಗಳು ಕಂದು ಬಣ್ಣಕ್ಕಿದ್ದವು. ಮೊಣಕಾಲು ಮುಳುಗುವಷ್ಟಾದರೂ ಹಿಮ ಇರಬೇಕಾದ ಹೊತ್ತಿನಲ್ಲಿ ಒಣಗಿದ ಹುಲ್ಲು ನೆಲಕ್ಕೆ ಅಂಟಿಕೊಂಡು ಬಿದ್ದಿತ್ತು. ಹಿಂದಿನ ವರ್ಷದ ಬಿಳಿ ಚಿತ್ರ, ಈ ವರ್ಷದ ಕಂದು ಚಿತ್ರ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ಜನ ಮೊಬೈಲ್‌ನಲ್ಲಿ ಹಂಚಿಕೊಂಡರು. ಸ್ಕೀ ಕಲಿಸುವವರಿಗೆ ಕೆಲಸವಿರಲಿಲ್ಲ. ಹೊರದೇಶಗಳಿಂದ ಬರಬೇಕಿದ್ದವರು ಬುಕಿಂಗ್ ರದ್ದು ಮಾಡುತ್ತಿದ್ದರು. ಊರಿನ ಒಂದು ಯಂತ್ರ ಮಾತ್ರ ಎಂದಿನಂತೆ ತಿರುಗುತ್ತಿತ್ತು. ಗೊಂಡೋಲಾದ, ಅಂದರೆ ಕೇಬಲ್ಲಿಗೆ ಜೋತು ಬೆಟ್ಟ ಏರುವ ಕೇಬಲ್ ಕಾರಿನ, ಡಬ್ಬಿಗಳು ಬಯಲು ಸೀಮೆಯ ಪ್ರವಾಸಿಗರನ್ನು ತುಂಬಿಕೊಂಡು, ಹುಲ್ಲಿನ ಮೇಲೆ ಹಾದು, ಅಫರ್ವತ್ ಬೆಟ್ಟದ ಕಡೆಗೆ ಹೋಗಿ ಬರುತ್ತಿದ್ದವು. ಮೇಲೆ ಎಲ್ಲಾದರೂ ನಾಲ್ಕು ಹಿಡಿ ಹಿಮ ಸಿಕ್ಕರೆ ಅವರಿಗೆ ಅದೇ ಸಾಕಾಗಿತ್ತು.

ಹಿಮ ಬೀಳದಿದ್ದರೆ ಸ್ಕೀ ಊರು ಬಾಗಿಲು ಹಾಕಿಕೊಳ್ಳುತ್ತದೆ. ಆಲ್ಪ್ಸ್ ಪರ್ವತಗಳ ತಗ್ಗಿನ ಊರುಗಳಲ್ಲಿ ಆಗುತ್ತಿರುವುದು ಇದೇ. ಗುಲ್ಮಾರ್ಗ್ ಹಾಕಿಕೊಳ್ಳಲಿಲ್ಲ. ಏಕೆಂದರೆ ಭಾರತದ ಅತಿ ಹೆಸರುವಾಸಿಯಾದ ಈ ಸ್ಕೀ ತಾಣ ಸ್ಕೀಯಿಂಗ್‌ನ ದುಡಿಮೆಯ ಮೇಲೆ ಯಾವತ್ತೂ ನಿಂತಿದ್ದೇ ಇಲ್ಲ. ಬ್ರಿಟಿಷರ ಕಾಲದಲ್ಲಿ ಅದು ಬೇಸಿಗೆಯ ತಂಪಿನ ಊರಾಗಿತ್ತು, ಸ್ವಾತಂತ್ರ್ಯದ ನಂತರ ಸೇನೆಯ ತರಬೇತಿಯ ನೆಲವಾಯಿತು, ಈಗ ನೋಟಕ್ಕೆ ಬರುವವರ ಟಿಕೆಟ್ಟಿನ ಮೇಲೆ ನಡೆಯುತ್ತಿದೆ. ಸ್ಕೀಯಿಂಗ್ ಪ್ರತಿ ಸಲವೂ ಇನ್ನೊಬ್ಬರ ಮನೆಯಲ್ಲಿ ಬಾಡಿಗೆಗಿದ್ದ ಹಾಗೆ ಇದೆ. ಈ ಬಾಡಿಗೆದಾರನ ಬಾಳು ಹೇಗೆ ಸಾಗಿತು ಎಂಬುದನ್ನು ಬಿಡಿಸಿ ನೋಡಿದರೆ ಊರಿನ ಇವತ್ತಿನ ಸ್ಥಿತಿ ಅರ್ಥವಾಗುತ್ತದೆ.

ಬೆಟ್ಟದ ನಡುವಿನ ಬ್ಯಾಣ

ಮೊದಲು ಹೆಸರಿನ ಒಂದು ಗೊಂದಲ. ಕನ್ನಡದಲ್ಲಿ ನಾವು ‘ಗುಲ್ಮಾರ್ಗ್’ ಎಂದು ಬರೆಯುತ್ತೇವೆ, ಓದಿದವರಿಗೆ ‘ಮಾರ್ಗ’ ನೆನಪಾಗುತ್ತದೆ. ದಾರಿಗೂ ಇದಕ್ಕೂ ಸಂಬಂಧವಿಲ್ಲ. ಕಾಶ್ಮೀರದಲ್ಲಿ ಅದು ‘ಮರ್ಗ್’, ಬೆಟ್ಟದ ಮೇಲಿನ ಹುಲ್ಲುಗಾವಲು. ಮಲೆನಾಡಿನವರು ಬ್ಯಾಣ ಎನ್ನುವ, ಕೊಡಗಿನವರು ಬಾಣೆ ಎನ್ನುವ ಜಾತಿಯ ನೆಲ. ಸೋನಾಮಾರ್ಗ್, ಖಿಲನ್ಮಾರ್ಗ್, ಟಂಗ್ಮಾರ್ಗ್ ಎಲ್ಲದರಲ್ಲೂ ಇರುವುದು ಇದೇ ಮಾತು. ಹಿಂದೆ ಗೌರಿಯ ಹೆಸರಿದ್ದ ಈ ಬ್ಯಾಣಕ್ಕೆ 16ನೇ ಶತಮಾನದಲ್ಲಿ ಕಾಶ್ಮೀರವನ್ನು ಆಳಿದ ಯೂಸುಫ್ ಶಾ ಚಕ್ ‘ಹೂವಿನ ಹುಲ್ಲುಗಾವಲು’ ಎಂಬ ಅರ್ಥದ ಈಗಿನ ಹೆಸರನ್ನು ಕೊಟ್ಟ ಎನ್ನುತ್ತಾರೆ. ಮೊಗಲ್ ದೊರೆ ಜಹಾಂಗೀರ್ ಇಲ್ಲಿ 21 ಬಗೆಯ ಕಾಡುಹೂವುಗಳನ್ನು ಆರಿಸಿಕೊಂಡಿದ್ದನಂತೆ. ಹೂವು ಅರಳುವುದು ಬೇಸಿಗೆಯಲ್ಲಿ. ಚಳಿಗಾಲದಲ್ಲಿ ಇಲ್ಲಿಗೆ ಯಾರೂ ಬರುತ್ತಿರಲಿಲ್ಲ. ಕುರಿ, ಎಮ್ಮೆ ಮೇಯಿಸುವ ಗುಜ್ಜರರು ಕೂಡ ಹಿಮ ಬೀಳುವ ಮೊದಲೇ ಕೆಳಗಿಳಿದುಬಿಡುತ್ತಿದ್ದರು.

ಬ್ರಿಟಿಷರು ಬಂದದ್ದೂ ಬೇಸಿಗೆಗೇ. ಪಂಜಾಬಿನ ಬಯಲಿನ ಸೆಕೆ ತಡೆಯಲಾರದೆ ಸುಮಾರು 2,650 ಮೀಟರ್ ಎತ್ತರದ ಈ ಬಟ್ಟಲಿಗೆ ಓಡಿಬಂದರು. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ 700 ಮೀಟರ್ ಮೇಲಿರುವ ಸಪಾಟು ಹಸಿರು. ಬಂದವರು ಗಾಲ್ಫ್ ಮೈದಾನ ಮಾಡಿಕೊಂಡರು, ನೆಡೂ ಕುಟುಂಬ 1888ರಲ್ಲಿ ಹೋಟೆಲ್ ತೆರೆಯಿತು, 1902ರಲ್ಲಿ ದಿಬ್ಬದ ಮೇಲೊಂದು ಕಲ್ಲಿನ ಚರ್ಚು ಎದ್ದಿತು. ಮರದ ಗುಡಿಸಲುಗಳು, ಕುದುರೆಗಳು, ಸಂಜೆಯ ಕೂಟಗಳು. ಅಕ್ಟೋಬರ್ ಬಂತೆಂದರೆ ಎಲ್ಲಕ್ಕೂ ಬೀಗ.

ಈ ಬೀಗವನ್ನು ತೆಗೆಸಿದ್ದು 1927ರಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ಮುಂದೆ ನಿಂತು ಕಟ್ಟಿದ ‘ಸ್ಕೀ ಕ್ಲಬ್ ಆಫ್ ಇಂಡಿಯಾ’. ಕ್ರಿಸ್‌ಮಸ್‌ಗೆ ಒಂದು, ಈಸ್ಟರ್‌ಗೆ ಒಂದು ಎಂದು ವರ್ಷಕ್ಕೆ ಎರಡು ಕೂಟ ಗೊತ್ತಾದವು. ಆಗ ಲಿಫ್ಟ್ ಎಂಬುದೇ ಇರಲಿಲ್ಲ ಎನ್ನುವುದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಐದು ನಿಮಿಷ ಜಾರಲು ಎರಡು ಮೂರು ಗಂಟೆ ಹತ್ತಬೇಕು. ಹಿಂದಕ್ಕೆ ಜಾರದಿರಲೆಂದು ಸ್ಕೀ ಹಲಗೆಯ ಅಡಿಗೆ ಸೀಲ್ ಪ್ರಾಣಿಯ ಚರ್ಮದ ಪಟ್ಟಿ ಕಟ್ಟಿಕೊಳ್ಳುತ್ತಿದ್ದ ಕಾಲ ಅದು. ಸಾಮಾನು ಹೊರುವ ಕೆಲಸ ಸುತ್ತಲಿನ ಹಳ್ಳಿಯವರದು. ಸ್ಕೀ ಏರಿ ಜಾರುವವರು ಸಾಹೇಬರು, ಅವರ ಸ್ಕೀ ಹೊತ್ತು ಏರುವವರು ಕಾಶ್ಮೀರಿಗಳು. ಈ ಲೆಕ್ಕಾಚಾರ ಬದಲಾಗಲು ಬಹಳ ಕಾಲ ಹಿಡಿಯಿತು.

ತಿಮ್ಮಯ್ಯನವರ ಶಾಲೆ

1947ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನದ ಕಡೆಯಿಂದ ಬಾರಾಮುಲ್ಲಾದ ದಾರಿಯಾಗಿ ದಾಳಿ ನಡೆದ ಮೇಲೆ ಕ್ಲಬ್ಬು, ಕೂಟ, ಈಸ್ಟರ್ ಎಲ್ಲ ಕತೆಯಾದವು. ಸ್ಕೀಯಿಂಗ್ ಅಲ್ಲಿಗೇ ಮುಗಿದುಹೋಗಬೇಕಿತ್ತು. ಮುಗಿಯದಂತೆ ಮಾಡಿದವರು ಮಡಿಕೇರಿಯಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ನಾವು ಜನರಲ್ ತಿಮ್ಮಯ್ಯ ಎಂದಾಗ ನೆನಪಿಗೆ ಬರುವುದು ಜೋಜಿ ಲಾ. 1948ರ ನವೆಂಬರ್ 1ರಂದು, ಟ್ಯಾಂಕ್ ಏರಲಾರದು ಎಂದು ಎಲ್ಲರೂ ನಂಬಿದ್ದ ಆ ಬೆಟ್ಟದ ಕಣಿವೆದಾರಿಗೆ ಸ್ಟುವರ್ಟ್ ಟ್ಯಾಂಕುಗಳನ್ನು ಏರಿಸಿ ಲೇಹ್‌ನ ದಾರಿ ಬಿಡಿಸಿದ ಸಾಹಸ. ಆಗ ಅವರು 19ನೇ ಪದಾತಿ ಡಿವಿಜನ್‌ನ ಮುಖ್ಯಸ್ಥರು.

ಜೋಜಿ ಲಾ ಗೆದ್ದ ಮರು ತಿಂಗಳು, 1948ರ ಡಿಸೆಂಬರ್‌ನಲ್ಲಿ, ಅದೇ ಡಿವಿಜನ್ನಿನ ಹೆಸರಿನಲ್ಲಿ ಗುಲ್ಮಾರ್ಗ್‌ನಲ್ಲಿ ಒಂದು ಸ್ಕೀ ಶಾಲೆ ಶುರುವಾಯಿತು. ಮೋಜಿಗಾಗಿ ತೆರೆದ ಶಾಲೆಯಲ್ಲ ಅದು. ಬೆಟ್ಟದ ಮೇಲೆ ಕಾವಲು ಕಟ್ಟೆಗಳಿವೆ, ಚಳಿಗಾಲದಲ್ಲಿ ಅವುಗಳ ನಡುವೆ ಓಡಾಡಬೇಕು, ಸೊಂಟದುದ್ದ ಹಿಮದಲ್ಲಿ ಬೂಟುಗಾಲಿನಲ್ಲಿ ಹೋದರೆ ಒಂದು ಕಿಲೋಮೀಟರಿಗೆ ಅರ್ಧ ದಿನ. ದಂಡಿನಲ್ಲಿದ್ದವರಲ್ಲಿ ಬಹುಪಾಲು ಜನ ಹಿಮವನ್ನೇ ಕಂಡವರಲ್ಲ. ಕಾಫಿ, ಕಿತ್ತಳೆ, ಮುಂಗಾರು ಮಳೆಯ ನಾಡಿನಿಂದ ಬಂದ ಒಬ್ಬ ದಂಡನಾಯಕನಿಗೆ ಸೈನಿಕನ ಕಾಲಿಗೆ ಹಲಗೆ ಕಟ್ಟಿಸಬೇಕೆಂದು ಹೊಳೆಯಿತಲ್ಲ, ನನಗೆ ಇದು ಟ್ಯಾಂಕ್ ಏರಿಸಿದ್ದಕ್ಕಿಂತ ದೊಡ್ಡ ಬುದ್ಧಿವಂತಿಕೆ ಎನಿಸುತ್ತದೆ. ಟ್ಯಾಂಕಿನ ಕೆಲಸ ಒಂದು ದಿನದ್ದು. ಶಾಲೆ ಇವತ್ತಿಗೂ ಇದೆ. 1962ರ ಏಪ್ರಿಲ್‌ನಲ್ಲಿ ಅದನ್ನು ಮೇಲ್ದರ್ಜೆಗೇರಿಸಿ ‘ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್’ ಎಂಬ ಹೆಸರಿಟ್ಟರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಚೀನಾ ಯುದ್ಧ ಬಂದದ್ದನ್ನು ನೆನೆದರೆ ಆ ಹೆಸರಿನ ತೂಕ ತಿಳಿಯುತ್ತದೆ.

ಸೇನೆಯ ಈ ಶಾಲೆ ಇರದಿದ್ದರೆ ಗುಲ್ಮಾರ್ಗ್‌ನಲ್ಲಿ ಚಳಿಗಾಲದ ಬದುಕೇ ಉಳಿಯುತ್ತಿರಲಿಲ್ಲ. ರಸ್ತೆಯ ಹಿಮ ತೆಗೆಯಲು, ಊರನ್ನು ವರ್ಷವಿಡೀ ತೆರೆದಿಡಲು ಒಂದು ಕಾರಣ ಇತ್ತು. ಮುಂದೆ ಪ್ರವಾಸೋದ್ಯಮದವರು ಬಂದು ಕುಳಿತದ್ದು ಈ ಕಾರಣದ ನೆರಳಿನಲ್ಲೇ.

1960ರಲ್ಲಿ ಆಸ್ಟ್ರಿಯಾದ ರುಡಾಲ್ಫ್ ಮಾಟ್ ಬಂದರು. 1936ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ಲಾಲಂ, ಅಂದರೆ ನೆಟ್ಟ ಕಂಬಗಳ ನಡುವೆ ತಿರುಗುತ್ತ ಜಾರುವ ಪಂದ್ಯ, ಗೆದ್ದವರು. ಭಾರತದಲ್ಲಿ ಸ್ಕೀಯಿಂಗ್‌ಗೆ ತಕ್ಕ ಜಾಗ ಯಾವುದೆಂದು ನೋಡಿ ಹೇಳುವುದು ಅವರಿಗೆ ಒಪ್ಪಿಸಿದ ಕೆಲಸ. ಅವರು ಬೆರಳು ತೋರಿಸಿದ್ದು ಗುಲ್ಮಾರ್ಗ್‌ನತ್ತ. 1968ರಲ್ಲಿ ಕೇಂದ್ರದ ಪ್ರವಾಸೋದ್ಯಮ ಇಲಾಖೆ ಇಲ್ಲಿ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ತೆರೆಯಿತು. ಸಾಮಾನು ಹೊರುತ್ತಿದ್ದವರ ಮಕ್ಕಳು ಬೋಧಕರಾದದ್ದು ಈ ಘಟ್ಟದಲ್ಲಿ. ಊರಿನ ಚರಿತ್ರೆಯಲ್ಲಿ ಸದ್ದಿಲ್ಲದೆ ನಡೆದ ದೊಡ್ಡ ಬದಲಾವಣೆ ಇದು. 1988ರ ಕ್ಯಾಲ್ಗರಿ ಚಳಿಗಾಲದ ಒಲಿಂಪಿಕ್ಸ್‌ಗೆ ಹೋದ ಗುಲ್ ದೇವ್ ಈ ಬೆಳೆಯ ಒಂದು ಫಲ.

ಅರ್ಧಕ್ಕೆ ನಿಂತ ಹಗ್ಗ

1980ರ ದಶಕದ ಕೊನೆಗೆ ರಾಜ್ಯ ಸರ್ಕಾರಕ್ಕೆ ದೊಡ್ಡ ಕನಸು ಬಿತ್ತು. ಫ್ರಾನ್ಸ್‌ನ ಪೋಮಗಾಲ್ಸ್ಕಿ ಕಂಪನಿಯನ್ನು ಕರೆಸಿ ಬೆಟ್ಟದ ನೆತ್ತಿಯವರೆಗೆ ಗೊಂಡೋಲಾ ಹಾಕಿಸುವುದು. ಕೆಲಸ ಶುರುವಾಯಿತು, ಕಂಬಗಳು ಏಳತೊಡಗಿದವು. 1990ರ ಹೊತ್ತಿಗೆ ಕಣಿವೆ ಹೊತ್ತಿ ಉರಿಯುತ್ತಿತ್ತು. ಫ್ರೆಂಚ್ ತಂತ್ರಜ್ಞರು ಗಂಟು ಕಟ್ಟಿದರು, ಕೆಲಸ ನಿಂತಿತು.

ಎಂಟು ವರ್ಷ ಹಾಗೇ. 1995ರ ಜುಲೈನಲ್ಲಿ ಪಹಲ್ಗಾಮ್ ಕಡೆಯ ಬೆಟ್ಟಗಳಲ್ಲಿ ಆರು ವಿದೇಶಿ ಚಾರಣಿಗರನ್ನು ಉಗ್ರರು ಅಪಹರಿಸಿದರು. ಒಬ್ಬ ತಪ್ಪಿಸಿಕೊಂಡ, ಒಬ್ಬನ ಶವ ಸಿಕ್ಕಿತು, ಉಳಿದ ನಾಲ್ವರು ಏನಾದರೆಂದು ಇವತ್ತಿಗೂ ತಿಳಿದಿಲ್ಲ. ಇದಾದ ಮೇಲೆ ಯಾವ ದೇಶ ತಾನೇ ತನ್ನವರಿಗೆ ಕಾಶ್ಮೀರಕ್ಕೆ ಹೋಗಿ ಬನ್ನಿ ಎಂದೀತು? ಹಿಂದಿ ಚಿತ್ರಗಳ ಹಾಡಿಗೆ ಹಿನ್ನೆಲೆಯಾಗಿದ್ದ ಇಳಿಜಾರುಗಳು ಸ್ವಿಟ್ಜರ್ಲೆಂಡಿಗೆ ಕೆಲಸ ಬಿಟ್ಟುಕೊಟ್ಟವು. ಟಂಗ್ಮಾರ್ಗ್‌ನಲ್ಲಿ ಸ್ಕೀ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳ ಕದ ಮುಚ್ಚಿತು. ಶಾಲೆಯ ಸೈನಿಕರು ಮಾತ್ರ ಜಾರುತ್ತಿದ್ದರು.

1998ರಲ್ಲಿ ಕೆಲಸಕ್ಕೆ ಮತ್ತೆ ಜೀವ ಬಂತು. ಗುಲ್ಮಾರ್ಗ್‌ನಿಂದ ಕೊಂಗ್‌ಡೂರಿಯವರೆಗಿನ ಮೊದಲ ಹಂತ ಓಡಿತು. ಮರುವರ್ಷವೇ ಕಾರ್ಗಿಲ್. 2005ರ ಮೇ 28ರಂದು ಕೊಂಗ್‌ಡೂರಿಯಿಂದ ಅಫರ್ವತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರಿಗೆ, ಎರಡನೇ ಹಂತ ತೆರೆಯಿತು. ಕೊಂಗ್‌ಡೂರಿಯಿಂದ ಪಕ್ಕದ ದಿಬ್ಬಕ್ಕೆ ಕುರ್ಚಿ ಲಿಫ್ಟ್ ಬಂದದ್ದು ಆಮೇಲೆ.

ಈ ಯಂತ್ರದ ಮುಂದೆ ಒಂದು ನಿಮಿಷ ನಿಲ್ಲೋಣ. ನಿಲ್ದಾಣದೊಳಗೆ ನಿಂತವರಿಗೆ ಕೇಬಲ್ ನಿಲ್ಲದೆ ಓಡುತ್ತಿರುವುದು ಕಾಣುತ್ತದೆ. ಡಬ್ಬಿ ಮಾತ್ರ ಒಳಗೆ ಬಂದೊಡನೆ ಕೇಬಲ್ಲಿನ ಮೇಲಿನ ಹಿಡಿತ ಬಿಟ್ಟು, ಹಳಿಯ ಮೇಲೆ ಆಮೆಯಂತೆ ತೆವಳುತ್ತದೆ. ಬಾಗಿಲು ತೆರೆಯುತ್ತದೆ, ಆರು ಜನ ಹತ್ತುತ್ತಾರೆ, ಸ್ಕೀ ಹಲಗೆಗಳನ್ನು ಹೊರಗಿನ ಗೂಡಿಗೆ ತುರುಕುತ್ತಾರೆ. ಆಮೇಲೆ ಬಾಗಿಲು ಮುಚ್ಚಿ, ಡಬ್ಬಿ ವೇಗ ಪಡೆದು, ಓಡುವ ಕೇಬಲ್ಲನ್ನು ಮತ್ತೆ ಕಚ್ಚಿಕೊಳ್ಳುತ್ತದೆ. ಆ ಕ್ಷಣದಲ್ಲಿ ಮೈಗೆ ಒಂದು ಸಣ್ಣ ಎಳೆತ. ಅಲ್ಲಿಂದ ಕಾಲಡಿಯಲ್ಲಿ ದೇವದಾರು, ಪೈನ್ ತುದಿಗಳು. ಮೊದಲ ಹಂತಕ್ಕೆ ಒಂಬತ್ತು ನಿಮಿಷದಷ್ಟು, ಎರಡನೆಯದಕ್ಕೆ ಹನ್ನೆರಡು. ಗಂಟೆಗೆ 600 ಜನರನ್ನು ಸಾಗಿಸುವಂತೆ ಇದನ್ನು ಕಟ್ಟಲಾಗಿದೆ.

ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಎರಡು ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದು ಪೇರಿಸಿದ ಎತ್ತರಕ್ಕೆ ಹೋಗಿ ಇಳಿದಂತಾಗುತ್ತದೆ. ಗಾಳಿಯ ಒತ್ತಡ ಕಡಲತೀರದಲ್ಲಿರುವ ಮೂರನೇ ಎರಡು ಪಾಲಿಗಿಂತ ತುಸು ಕಡಿಮೆ. ಬೆಳಿಗ್ಗೆ ಬೆಂಗಳೂರು ಬಿಟ್ಟವರು ಮರುದಿನವೇ ಇಲ್ಲಿ ನಿಂತು ತಲೆ ಹಿಡಿದುಕೊಂಡರೆ ಅದು ಚಳಿಯ ಕಾಟವಲ್ಲ, ಎತ್ತರದ್ದು. ಆಕಾಶ ತಿಳಿಯಾಗಿದ್ದರೆ 8,126 ಮೀಟರಿನ ನಂಗಾ ಪರ್ಬತ್ ಆಚೆ ಕಡೆ ಕಾಣುತ್ತದೆ. ಈ ಬೆಟ್ಟಕ್ಕೂ ಆ ಬೆಟ್ಟಕ್ಕೂ ನಡುವೆ ಎಲ್ಲೋ ನಿಯಂತ್ರಣ ರೇಖೆ.

ಯಾರಿಗಾಗಿ ಕಟ್ಟಿದ್ದು, ಯಾರು ಹತ್ತಿದರು

ಎರಡನೇ ಹಂತ ತೆರೆದ ಮರುಚಳಿಗಾಲದಿಂದ ಜಗತ್ತಿನ ಸ್ಕೀ ಹುಚ್ಚರ ನಡುವೆ ಗುಲ್ಮಾರ್ಗ್ ಹೆಸರು ಓಡಾಡತೊಡಗಿತು. ಆಸ್ಟ್ರೇಲಿಯಾ, ಸ್ವೀಡನ್, ರಷ್ಯಾದಿಂದ ಜನ ಬಂದರು. ಅವರಿಗೆ ಬೇಕಿದ್ದದ್ದು ಸಮ ಮಾಡಿದ ಇಳಿಜಾರು ಅಲ್ಲ. ಒಣ ಹಿಟ್ಟಿನಂಥ ಹೊಸ ಹಿಮ, ಯಾರೂ ಗೀಟು ಎಳೆಯದ ಬೆಟ್ಟದ ಮೈ, ಅಲ್ಲಿಗೆ ಏರಿಸಲು ಒಂದು ಲಿಫ್ಟ್. ಯುರೋಪಿನ ಲಿಫ್ಟಿನ ದುಡ್ಡಿಗೆ ಹೋಲಿಸಿದರೆ ಇಲ್ಲಿ ಪುಕ್ಕಟೆ ಎನ್ನಬಹುದು. ಊರಿನ ಹುಡುಗರು ಅವರ ಜೊತೆ ಜಾರಿ, ಹಿಮಕುಸಿತದಲ್ಲಿ ಹೂತುಹೋದವರನ್ನು ಪತ್ತೆ ಮಾಡುವ ಸಾಧನ ಬಳಸುವುದನ್ನು ಕಲಿತು, ಮಾರ್ಗದರ್ಶಿಗಳಾದರು.

ಆದರೆ ಗೊಂಡೋಲಾದ ಗಲ್ಲಾ ತುಂಬಿಸಿದವರು ಇವರಲ್ಲ. 2023ರಲ್ಲಿ ಅದನ್ನು ಹತ್ತಿದವರ ಸಂಖ್ಯೆ ಹತ್ತು ಲಕ್ಷ ದಾಟಿತು. ವರ್ಷದ ಎಲ್ಲ ದಿನವೂ ಓಡಿತೆಂದು ಇಟ್ಟುಕೊಂಡರೂ ದಿನಕ್ಕೆ ಸರಾಸರಿ 2,700 ಜನ. ಸ್ಕೀ ಕಾಲ ಡಿಸೆಂಬರ್ ನಡುವಿನಿಂದ ಏಪ್ರಿಲ್ ಮೊದಲವರೆಗೆ ಮಾತ್ರ. ಜಾತ್ರೆಯಂಥ ಸಾಲು ಕಾಣುವುದು ಮೇ, ಜೂನ್ ತಿಂಗಳಲ್ಲಿ, ನಮ್ಮ ಶಾಲೆಗಳಿಗೆ ರಜೆ ಇದ್ದಾಗ. ಹುಬ್ಬಳ್ಳಿಯಿಂದ, ಸೂರತ್‌ನಿಂದ, ಕೋಲ್ಕತ್ತಾದಿಂದ ಬಂದವರು. ಅಜ್ಜಿಯಿಂದ ಹಿಡಿದು ಮೊಮ್ಮಗುವಿನವರೆಗೆ ಎಲ್ಲರಿಗೂ ಮೇಲೆ ಹೋಗಿ ಹಿಮ ಮುಟ್ಟಬೇಕು, ಒಂದು ಉಂಡೆ ಮಾಡಿ ಎಸೆಯಬೇಕು, ಫೋಟೊ ಆಗಬೇಕು. ಇದರಲ್ಲಿ ಹಾಸ್ಯ ಮಾಡುವಂಥದ್ದು ಏನೂ ಇಲ್ಲ. ಜೀವಮಾನದಲ್ಲಿ ಒಂದು ಸಲ ಹಿಮ ಮುಟ್ಟುವ ಆಸೆ ಸ್ಕೀಯಿಂಗ್‌ಗಿಂತ ಕಡಿಮೆ ಆಸೆಯೇನಲ್ಲ.

ಟಂಗ್ಮಾರ್ಗ್ ಈ ಆಸೆಯ ಹೆಬ್ಬಾಗಿಲು. ಗುಲ್ಮಾರ್ಗ್‌ಗೆ ಹನ್ನೆರಡು ಹದಿಮೂರು ಕಿಲೋಮೀಟರ್ ಕೆಳಗೆ ಗಾಡಿ ನಿಂತ ಕೂಡಲೇ ಅಂಗಡಿಯವರು ಮುತ್ತಿಕೊಳ್ಳುತ್ತಾರೆ. ಮೊಣಕಾಲೆತ್ತರದ ರಬ್ಬರ್ ಬೂಟು, ತುಪ್ಪಳದ ಅಂಚಿನ ಉದ್ದ ಕೋಟು, ಕೈಗವಸು. ಬೂಟಿನ ಒಳಗೆ ಹಿಂದಿನವರ ಕಾಲಿನ ತೇವ ಇನ್ನೂ ಆರಿರುವುದಿಲ್ಲ. ಕೋಟಿನ ಜೇಬಿನಲ್ಲಿ ಇನ್ನಾರದೋ ಬಿಸ್ಕತ್ತಿನ ಪುಡಿ. ಚೌಕಾಸಿ ಮಾಡಿ ಗೆದ್ದೆವೆಂದುಕೊಂಡು ಗಾಡಿ ಹತ್ತಿದರೆ ಚಕ್ರಕ್ಕೆ ಸರಪಳಿ ಕಟ್ಟಿಸಬೇಕೆಂದು ಚಾಲಕ ಹೇಳುತ್ತಾನೆ. ಮೇಲೆ ಮರದ ಸ್ಲೆಡ್ಜ್ ಎಳೆಯುವವರು ಕಾಯುತ್ತಿರುತ್ತಾರೆ. ಫೆರನ್ ಎಂಬ ಉದ್ದ ಉಣ್ಣೆಯ ನಿಲುವಂಗಿ ತೊಟ್ಟ ಒಬ್ಬ ಮುಂದೆ ಹಗ್ಗ ಹಿಡಿದು ಎಳೆಯುತ್ತಾನೆ, ಎಂಬತ್ತು ಕಿಲೋ ತೂಕದ ಪ್ರವಾಸಿ ಹಿಂದೆ ಕುಳಿತು ವಿಡಿಯೊ ಮಾಡುತ್ತಾನೆ. ಸಾಮಾನು ಹೊರುತ್ತಿದ್ದ ಕಾಲದ ನೆರಳು ಇದರಲ್ಲಿ ಇದೆ ಎನಿಸಿದರೆ ತಪ್ಪಲ್ಲ. ಹಾಗೆಂದು ಅದನ್ನು ನಿಲ್ಲಿಸಿಬಿಡಿ ಎನ್ನುವವರು ಆ ಮನೆಯ ಚಳಿಗಾಲದ ಅಕ್ಕಿ ಎಲ್ಲಿಂದ ಬರುತ್ತದೆ ಎಂಬುದನ್ನೂ ಹೇಳಬೇಕು.

ಪ್ರಕರಣದ ಗಂಟು ಇರುವುದು ಇಲ್ಲೇ. ನೋಟದ ಪ್ರವಾಸಿಗರು ಇರದಿದ್ದರೆ ಇಷ್ಟು ದುಬಾರಿ ಯಂತ್ರವನ್ನು ಸಾಕಲಾಗುತ್ತಿರಲಿಲ್ಲ. ನೂರಿನ್ನೂರು ವಿದೇಶಿ ಸ್ಕೀಗಾರರ ಟಿಕೆಟ್ಟಿನಲ್ಲಿ ಅದರ ಎಣ್ಣೆಯ ಖರ್ಚೂ ಹುಟ್ಟುತ್ತಿರಲಿಲ್ಲ. ಆದರೆ ಯಂತ್ರ ಯಾರ ಕಾಸಿನಲ್ಲಿ ನಡೆಯುತ್ತದೋ ಅವರ ಸಮಯಕ್ಕೆ, ಅವರ ಗಲಾಟೆಗೆ ಒಗ್ಗಿಕೊಳ್ಳುತ್ತದೆ. ಹೊಸ ಹಿಮ ಬಿದ್ದ ಬೆಳಿಗ್ಗೆ ಬೇಗ ಏರಬೇಕಿದ್ದ ಸ್ಕೀಗಾರ ಸಾಲಿನಲ್ಲಿ ನಿಂತು ಬಿಸಿಲೇರುವುದನ್ನು ನೋಡುತ್ತಾನೆ. ಹೂಡಿಕೆ ಹೋಗುವುದೂ ಹಾಗೆಯೇ. ಹಿಮದಿಂದ ಕಟ್ಟಿದ ಇಗ್ಲೂ ಕೆಫೆ ಸುದ್ದಿಯಾಗುತ್ತದೆ, ಹೋಟೆಲುಗಳು ಏಳುತ್ತವೆ. ಬೆಟ್ಟದಲ್ಲಿ ಹಿಮಕುಸಿತದ ಕಾವಲು ಕಾಯುವ ಪಡೆಗೆ ಇನ್ನಷ್ಟು ಜನ ಬೇಕು ಎಂಬುದು ಸುದ್ದಿಯಾಗುವುದಿಲ್ಲ.

ಎರಡು ಬಗೆಯ ಅಪಾಯ

2017ರ ಜೂನ್ 25, ಭಾನುವಾರ. ಈದ್ ಹಬ್ಬದ ಮುನ್ನಾದಿನ, ಪ್ರವಾಸಿಗರ ದಟ್ಟಣೆ. ಬಿರುಗಾಳಿಗೆ ಒಂದು ಪೈನ್ ಮರ ಬುಡಮೇಲಾಗಿ ಗೊಂಡೋಲಾದ ಕೇಬಲ್ಲಿನ ಮೇಲೆ ಬಿತ್ತು. ಕೇಬಲ್ ಜೋತಾಡಿತು, ಒಂದು ಡಬ್ಬಿಯ ಗಾಜು ಒಡೆದು ಒಳಗಿದ್ದವರು ಕೆಳಗೆ ಬಿದ್ದರು. ದಿಲ್ಲಿಯ ಒಂದೇ ಕುಟುಂಬದ ನಾಲ್ವರು, ಅವರ ಜೊತೆಗಿದ್ದ ಸ್ಥಳೀಯ ಮಾರ್ಗದರ್ಶಿಗಳು ಮೂವರು, ಒಟ್ಟು ಏಳು ಮಂದಿ ಸತ್ತರು. ಉಳಿದ ಡಬ್ಬಿಗಳಲ್ಲಿ ಸಿಕ್ಕಿಕೊಂಡಿದ್ದವರನ್ನು ಇಳಿಸಲು ಗಂಟೆಗಳೇ ಹಿಡಿದವು. ಬೀಳುವಂಥ ಮರ ಹಗ್ಗದ ಪಕ್ಕ ಏಕಿತ್ತು, ಆ ಗಾಳಿಯಲ್ಲಿ ಯಂತ್ರ ಏಕೆ ಓಡುತ್ತಿತ್ತು ಎಂಬ ಎರಡು ಪ್ರಶ್ನೆಗಳು ಎದ್ದವು. ಎರಡೂ ತೀರಾ ಸರಳ ಪ್ರಶ್ನೆಗಳು. ಕಾಡಿನ ನಡುವೆ ಹಗ್ಗ ಎಳೆದ ದಿನವೇ ಕೇಳಬೇಕಿದ್ದವು.

ಇದು ಲಿಫ್ಟಿನ ಅಪಾಯ. ಬೆಟ್ಟದ ಅಪಾಯ ಬೇರೆ. 2010ರ ಫೆಬ್ರುವರಿ 8ರಂದು ಖಿಲನ್ಮಾರ್ಗ್ ಬಳಿ ತರಬೇತಿಯಲ್ಲಿದ್ದ ಸೈನಿಕರ ಮೇಲೆ ಬೆಟ್ಟದ ಹಿಮ ಕುಸಿದು 17 ಮಂದಿ ಸತ್ತರು. ತಿಮ್ಮಯ್ಯನವರು ಕಟ್ಟಿದ ಅದೇ ಶಾಲೆಯವರು, ಈ ಹಿಮವನ್ನು ಓದಲು ಕಲಿಯುತ್ತಿದ್ದವರು. 2024ರ ಫೆಬ್ರುವರಿ 22ರಂದು ಕೊಂಗ್‌ಡೂರಿಯ ಮೇಲಿನ ಇಳಿಜಾರಿನಲ್ಲಿ ರಷ್ಯಾದ ಒಬ್ಬ ಸ್ಕೀಗಾರ ಹಿಮದಡಿ ಸಿಲುಕಿ ಸತ್ತ.

ಇದರ ಹಿಂದಿನ ಸೂಕ್ಷ್ಮವನ್ನು ಹೀಗೆ ಹೇಳಬಹುದು. ಚಳಿಗಾಲದ ಮೊದಲಲ್ಲಿ ತೆಳುವಾಗಿ ಬಿದ್ದ ಹಿಮ ವಾರಗಟ್ಟಲೆ ಒಣ ಚಳಿಯಲ್ಲಿ ಉಳಿದರೆ ಒಂದಕ್ಕೊಂದು ಅಂಟದ ಸಕ್ಕರೆಯ ಹರಳಿನಂತಾಗುತ್ತದೆ. ಆಮೇಲೆ ಒಮ್ಮೆಗೇ ಹೊಸ ಹಿಮ ಭಾರವಾಗಿ ಬಿದ್ದರೆ, ನೆಲದ ಮೇಲೆ ರಾಗಿ ಚೆಲ್ಲಿ ಅದರ ಮೇಲೆ ಹಲಗೆ ಇಟ್ಟ ಹಾಗೆ. ಮೇಲಿನಿಂದ ನೋಡಿದವನಿಗೆ ಹಲಗೆ ಗಟ್ಟಿ. ಒಬ್ಬನ ತೂಕ ಬಿದ್ದರೆ ಸಾಕು, ಇಡೀ ಹಲಗೆ ಜಾರುತ್ತದೆ. ಗೊಂಡೋಲಾದ ಎರಡನೇ ಹಂತದ ಕೆಳಗಿರುವ ಬಟ್ಟಲಿನಂಥ ಒಂದು ಭಾಗಕ್ಕೆ ಮಾತ್ರ ಕಾವಲಿದೆ, ಅಲ್ಲಿಂದ ಹತ್ತು ಹೆಜ್ಜೆ ಆಚೆ ಸರಿದರೆ ಅದು ಹಿಮಾಲಯ, ಯಾರ ಹೊಣೆಯೂ ಅಲ್ಲ. ಲಿಫ್ಟ್ ಇರುವ ಕಡೆ ರಕ್ಷಣೆಯೂ ಇರುತ್ತದೆ ಎಂದು ಯುರೋಪಿನಿಂದ ಬಂದವನ ಮನಸ್ಸು ತಾನಾಗಿ ನಂಬಿಬಿಡುತ್ತದೆ.

ಚಿಲ್ಲಾಯ್ ಕಲಾನ್ ಮತ್ತು ಮಾರ್ಚ್ ಹಿಮ

ಕಾಶ್ಮೀರಿಗಳ ಚಳಿಗಾಲಕ್ಕೆ ಮೂರು ಹೆಸರಿದೆ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲಾಯ್ ಕಲಾನ್, ದೊಡ್ಡ ಚಳಿ. ಆಮೇಲೆ ಇಪ್ಪತ್ತು ದಿನ ಚಿಲ್ಲಾಯ್ ಖುರ್ದ್, ಕೊನೆಯ ಹತ್ತು ದಿನ ಚಿಲ್ಲಾಯ್ ಬಚ್ಚಾ. ನಮ್ಮ ರೈತರಿಗೆ ಮಳೆ ನಕ್ಷತ್ರಗಳು ಹೇಗೋ ಅವರಿಗೆ ಇವು ಹಾಗೆ. ಮೊದಲ ನಲವತ್ತು ದಿನಗಳಲ್ಲಿ ಬಿದ್ದ ಹಿಮ ನಿಲ್ಲುತ್ತದೆ, ಗಟ್ಟಿಯಾಗುತ್ತದೆ, ಬೇಸಿಗೆಗೆ ತೊರೆಗಳಿಗೆ ನೀರು ಕೊಡುತ್ತದೆ. ಮಾರ್ಚ್‌ನಲ್ಲಿ ಎಷ್ಟು ಬಿದ್ದರೂ ಒದ್ದೆ ಹಿಮ, ನಾಲ್ಕು ಬಿಸಿಲಿಗೆ ಕರಗುತ್ತದೆ. ಇದನ್ನು ತರುವುದು ಮೆಡಿಟರೇನಿಯನ್ ಕಡೆಯಿಂದ ಸಾಲಾಗಿ ಬರುವ ಮಾರುತಗಳು. ಅವು ದಾರಿ ತಪ್ಪಿದ ಅಥವಾ ತಡವಾದ ವರ್ಷ ಗುಲ್ಮಾರ್ಗ್ ಕಂದು ಬಣ್ಣದಲ್ಲಿ ಉಳಿಯುತ್ತದೆ. ಊರು ಆಲ್ಪ್ಸ್‌ಗಿಂತ ಎಷ್ಟೋ ದಕ್ಷಿಣದಲ್ಲಿದೆ, 34 ಡಿಗ್ರಿ ಅಕ್ಷಾಂಶದಲ್ಲಿ. ಬಿಸಿಲು ಹೆಚ್ಚು ನೇರ. ಅದನ್ನು ತಡೆಯುವುದು ಎತ್ತರ ಒಂದೇ.

2024ರಲ್ಲಿ ಹಿಮ ಬಂದದ್ದು ಜನವರಿ ಕೊನೆಗೆ. ಫೆಬ್ರುವರಿಯಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಹೇಗೋ ನಡೆಯಿತು. 2025ರಲ್ಲಿ ಅದೂ ಆಗಲಿಲ್ಲ. ಫೆಬ್ರುವರಿ 22ಕ್ಕೆ ಗೊತ್ತು ಮಾಡಿದ್ದ ಕೂಟವನ್ನು ಹಿಮವಿಲ್ಲವೆಂದು ಮುಂದಕ್ಕೆ ಹಾಕಿ, ತಿಂಗಳ ಕೊನೆಗೆ ಬಿದ್ದ ಹಿಮವನ್ನು ನಂಬಿ ಮಾರ್ಚ್ 9ರಿಂದ 12ರವರೆಗೆ ನಡೆಸಿದರು. ಟಂಗ್ಮಾರ್ಗ್ ಪಕ್ಕದ ಹಾಜಿಬಲ್‌ನ ಆರಿಫ್ ಖಾನ್ ಇಂಥ ಊರಿನಿಂದ ಹೊರಟವರು. ಗುಲ್ಮಾರ್ಗ್‌ನಲ್ಲಿ ತಂದೆಗೆ ಸ್ಕೀ ಸಾಮಾನಿನ ಅಂಗಡಿ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿ ಧ್ವಜ ಹಿಡಿದು ನಡೆದರು, ಜೈಂಟ್ ಸ್ಲಾಲಂನಲ್ಲಿ 45ನೆಯವರಾದರು.

ಈ ಕೂಟಗಳಲ್ಲಿ ನಮಗೆ ಸಂಬಂಧಪಟ್ಟ ಒಂದು ಹೆಸರಿದೆ. ಕೊಡಗಿನ ತೆಕ್ಕಡ ಭವಾನಿ ನಂಜುಂಡ 2024ರಲ್ಲಿ ಇದೇ ಗುಲ್ಮಾರ್ಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ಗೆದ್ದರು. ಅವರದು ಕ್ರಾಸ್ ಕಂಟ್ರಿ ಸ್ಕೀಯಿಂಗ್. ಬೆಟ್ಟದಿಂದ ಧುಮುಕುವುದಿಲ್ಲ, ಸಪಾಟಿನಲ್ಲೂ ಏರಿನಲ್ಲೂ ತೋಳು ಕಾಲುಗಳ ಬಲದಿಂದ ಹಲಗೆ ನೂಕುತ್ತ ಕಿಲೋಮೀಟರ್‌ಗಟ್ಟಲೆ ಸಾಗಬೇಕು. ಇದಕ್ಕೆ ಗೊಂಡೋಲಾ ಬೇಡ. 1948ರಲ್ಲಿ ಸೈನಿಕರಿಗೆ ಕಲಿಸಹೊರಟದ್ದು ಹೆಚ್ಚುಕಡಿಮೆ ಇದನ್ನೇ. ಕೂಟದ ಈ ಸ್ಪರ್ಧೆಗಳಿಗೆ ಬಳಸುವುದು ಬ್ರಿಟಿಷರು ಮಾಡಿಟ್ಟ ಗಾಲ್ಫ್ ಮೈದಾನವನ್ನು. ಹಿಮ ಬಿದ್ದಾಗ ಅದರ ಏರಿಳಿತಗಳು ಈ ಓಟಕ್ಕೆ ಹೇಳಿ ಮಾಡಿಸಿದ ಹಾಗಿವೆ.

2025ರ ಮಾರ್ಚ್ ಕೂಟ ಮುಗಿದು ಆರು ವಾರಕ್ಕೆ, ಏಪ್ರಿಲ್ 22ರಂದು, ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು ಶಿವಮೊಗ್ಗ, ಬೆಂಗಳೂರಿನವರೂ ಸೇರಿ 26 ಮಂದಿಯನ್ನು ಕೊಂದರು. ಅದೂ ಒಂದು ಮರ್ಗ್‌ನಂಥದ್ದೇ ಜಾಗ, ಹಿಮ ಕರಗಿ ಹಸಿರಾಗಿದ್ದ ಬ್ಯಾಣ. ಕರ್ನಾಟಕದ ಪ್ರವಾಸಿಗರು ಕೈಗೆ ಸಿಕ್ಕ ವಿಮಾನ ಹತ್ತಿ ಮನೆಗೆ ಬಂದರು. ಬೇಸಿಗೆ ರಜೆಗೆಂದು ಮಾಡಿದ್ದ ಬುಕಿಂಗ್‌ಗಳು ರದ್ದಾದವು. ಹಿಮವಿಲ್ಲದ ಜನವರಿಯಲ್ಲೂ ನಿಲ್ಲದಿದ್ದ ಸಾಲು ಆ ಮೇ ತಿಂಗಳಲ್ಲಿ ಕರಗಿತ್ತು. ಗಾಳಿಗೆ, ಮಾರುತಕ್ಕೆ, ಹಿಮಕ್ಕೆ ಒಗ್ಗಿಕೊಂಡಿದ್ದ ಸ್ಲೆಡ್ಜಿನವರೂ ಕುದುರೆಯವರೂ ಬಾಡಿಗೆ ಕೋಟುಗಳನ್ನು ಬಿಸಿಲಿಗೆ ಹರವಿ, ರಸ್ತೆಯ ತಿರುವಿನತ್ತ ನೋಡುತ್ತ ಕುಳಿತಿದ್ದರು.